ಒಬ್ಬರೇ ರೆಸಾರ್ಟ್‌ಗೆ ಹೊರಟಿದ್ದೀರಾ? ಊಟದ ಅಲರ್ಜಿ ಇದ್ದರೆ ಇದನ್ನೊಮ್ಮೆ ಓದಿ



ಹೃದಯದ ಡಾಕ್ಟರು ಊಟದ ಅಲರ್ಜಿ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಒಂದು ಶನಿವಾರ ರಾತ್ರಿ ಬಂದ ಫೋನು ಅದಕ್ಕೆ ಕಾರಣ. ಫೋನು ಮಾಡಿದವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಆಕೆ ದಾವಣಗೆರೆ ಕಡೆಯ ಹುಡುಗಿ, ವಯಸ್ಸು ಇಪ್ಪತ್ತಾರು. ಇಲ್ಲೇ ಕೊಂಡಾಪುರದ ಪಿಜಿಯಲ್ಲಿದ್ದುಕೊಂಡು ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಯುಗಾದಿ ಕೂಟದಲ್ಲಿ ಪರಿಚಯವಾದವಳು. ಆರು ತಿಂಗಳ ಪ್ರಾಜೆಕ್ಟ್ ಮುಗಿದ ಖುಷಿಗೆ ನಗರದ ಹೊರಗಿನ ಒಂದು ಥೀಮ್ ಪಾರ್ಕ್ ರೆಸಾರ್ಟ್‌ನಲ್ಲಿ ಎರಡು ದಿನಕ್ಕೆ ರೂಮ್ ಮಾಡಿದ್ದಳು. ಜೊತೆಗೆ ಬರುವೆವೆಂದ ಗೆಳತಿಯರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ದುಡ್ಡು ಕಟ್ಟಿಯಾಗಿತ್ತು, ಒಬ್ಬಳೇ ಹೋದಳು. ಚಿಕ್ಕಂದಿನಿಂದ ಆಕೆಗೆ ಕಡಲೆಕಾಯಿ ಆಗುವುದಿಲ್ಲ.

"ಸರ್, ಎದೆ ಡವಡವ ಅಂತಿದೆ. ತಲೆ ಸುತ್ತುತ್ತಿದೆ. ಹಾರ್ಟ್ ಪ್ರಾಬ್ಲಮ್ ಇರಬಹುದಾ?"

"ಏನು ತಿಂದೆಯಮ್ಮಾ? ಎಷ್ಟು ಹೊತ್ತಾಯ್ತು?"

"ವೆಜ್ ಬಿರಿಯಾನಿ ಸರ್. ಅರ್ಧ ಗಂಟೆ ಆಗಿರಬಹುದು. ನಟ್ಸ್ ಇದೆಯಾ ಅಂತ ಕೇಳಿಯೇ ತಿಂದೆ. ಇಲ್ಲ ಅಂದ್ರು."

"ಜೊತೆಗೆ ಸಾಲನ್ ಕೊಟ್ಟಿದ್ರಾ?"

ಆ ಕಡೆ ಒಂದು ಕ್ಷಣ ಮಾತಿಲ್ಲ. "ಹೂಂ ಸರ್" ಎಂದಳು. ಅಷ್ಟರಲ್ಲಿ ಆಕೆಯ ದನಿ ಒಡೆಯತೊಡಗಿತ್ತು.

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಬಿರಿಯಾನಿಯಲ್ಲಿ ನಿಜಕ್ಕೂ ಗೋಡಂಬಿ ಇರಲಿಲ್ಲ, ಹಾಗಾಗಿ ಸಪ್ಲೈಯರ್ "ನೋ ನಟ್ಸ್ ಮೇಡಂ" ಎಂದ. ಪಕ್ಕದ ಬಟ್ಟಲಿನಲ್ಲಿದ್ದ ಮಿರ್ಚಿ ಕಾ ಸಾಲನ್ ಮಾಡುವುದೇ ಕಡಲೆಕಾಯಿ, ಎಳ್ಳು, ಒಣಕೊಬ್ಬರಿ ಹುರಿದು ರುಬ್ಬಿ. ಅದನ್ನು ಆಕೆ ಕೇಳಲಿಲ್ಲ, ಅವನೂ ಹೇಳಲಿಲ್ಲ.

*ಆ ಅರ್ಧ ಗಂಟೆಯಲ್ಲಿ ನಡೆದದ್ದು*

ಮೊದಲು ಬಾಯಿ, ಗಂಟಲು ತುರಿಸಿತು. ಆಮೇಲೆ ಹೊಟ್ಟೆ ಹಿಂಡಿತು. ಎಲ್ಲರೆದುರು ವಾಂತಿಯಾದರೆ ನಾಚಿಕೆಗೇಡು ಎಂದು ಎದ್ದು ರೂಮಿಗೆ ಹೋದಳು. ಬಾಗಿಲಿಗೆ ಚಿಲಕ ಹಾಕಿದಳು. ಒಂದು ಸೆಟಿರಿಜಿನ್ ಮಾತ್ರೆ ನುಂಗಿ, ಸರಿಹೋಗುತ್ತದೆ ಎಂದು ಕಾದಳು. ಬಾತ್‌ರೂಮಿನಲ್ಲಿ ವಾಂತಿಯಾಗಿ, ಎದ್ದಾಗ ಕಣ್ಣು ಕತ್ತಲೆ ಬಂದು ಕುಸಿದಳು. ಆಗ ನನಗೆ ಫೋನು. ರಿಸೆಪ್ಶನ್‌ಗೆ ಹೇಳಿರಲಿಲ್ಲ. ಊರಿನ ಡಾಕ್ಟರು ಬರೆದುಕೊಟ್ಟಿದ್ದ ಅಡ್ರಿನಲಿನ್ ಇಂಜೆಕ್ಷನ್ ಪಿಜಿಯ ಕಪಾಟಿನಲ್ಲಿ ಉಳಿದಿತ್ತು.

ತೆವಳಿಕೊಂಡೇ ಹೋಗಿ ಬಾಗಿಲ ಚಿಲಕ ತೆಗೆಯಲು ಹೇಳಿದೆ. ಅಲ್ಲೇ ನೆಲದ ಮೇಲೆ ಮಲಗಿ ಕಾಲನ್ನು ಬ್ಯಾಗಿನ ಮೇಲೆ ಇಡಲು, ಫೋನ್ ಸ್ಪೀಕರ್‌ಗೆ ಹಾಕಲು ಹೇಳಿದೆ. ನನ್ನ ಹೆಂಡತಿಯ ಫೋನಿನಿಂದ ರಿಸೆಪ್ಶನ್‌ಗೂ 108ಕ್ಕೂ ಕರೆ ಮಾಡಿದೆ. ಅದೃಷ್ಟಕ್ಕೆ ಅಲ್ಲಿನ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಒಬ್ಬ ನರ್ಸ್ ಇದ್ದರು, ಅಡ್ರಿನಲಿನ್ ಆಂಪೂಲ್ ಕೂಡ ಇತ್ತು. ತೊಡೆಗೆ ಇಂಜೆಕ್ಷನ್ ಬಿದ್ದು ಸ್ವಲ್ಪ ಹೊತ್ತಿಗೆ ಹುಡುಗಿಯ ಮಾತು ಸ್ಪಷ್ಟವಾಯಿತು. ಆ ರಾತ್ರಿ ಆಸ್ಪತ್ರೆಯಲ್ಲಿಟ್ಟು ಮರುದಿನ ಮನೆಗೆ ಕಳಿಸಿದರು. ಈಗ ಆರಾಮಾಗಿದ್ದಾಳೆ.

ಮರುವಾರ ಆಕೆಯ ತಾಯಿ ಊರಿಂದ ಬಂದು, "ಡಾಕ್ಟ್ರೇ, ಇನ್ನು ಮೇಲೆ ಒಬ್ಬಳನ್ನೇ ಎಲ್ಲಿಗೂ ಕಳಿಸಲ್ಲ" ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ಒಬ್ಬರೇ ಹೋಗುವುದು ತಪ್ಪಲ್ಲ. *ಸುತ್ತಲಿನ ಒಬ್ಬರಿಗೂ ತಿಳಿಸದೆ ತಿನ್ನುವುದು, ತೊಂದರೆಯಾದಾಗ ಒಬ್ಬರೇ ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುವುದು ತಪ್ಪು.* ಈ ಲೇಖನದಲ್ಲಿ ಬೇರೇನು ಮರೆತರೂ ಈ ಒಂದು ಮಾತು ನೆನಪಿಡಿ.

*ನಂಜು ಬೇರೆ, ಅಲರ್ಜಿ ಬೇರೆ*

ನಮ್ಮ ಮನೆಗಳಲ್ಲಿ "ಬದನೆಕಾಯಿ ನಂಜು", "ಹಾಲು ಕುಡಿದರೆ ಹೊಟ್ಟೆ ಉಬ್ಬರ" ಎನ್ನುವುದು ಸಾಮಾನ್ಯ. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಕಿರಿಕಿರಿಯ ವಿಷಯ, ಜೀವಕ್ಕೆ ಅಪಾಯವಿಲ್ಲ. ನಾನು ಹೇಳುತ್ತಿರುವ ಅಲರ್ಜಿ ಬೇರೆ. ಇದರಲ್ಲಿ ಆಹಾರದ ಒಂದು ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರು ಎಂದು ತಿಳಿಯುತ್ತದೆ. ಮಾಸ್ಟ್ ಕೋಶಗಳು ಒಮ್ಮೆಲೇ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಯುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಸೋರುತ್ತವೆ. ತೀವ್ರವಾದಾಗ ರಕ್ತನಾಳದೊಳಗಿನ ದ್ರವದಲ್ಲಿ ಮೂರನೇ ಒಂದು ಭಾಗದಷ್ಟು ಹತ್ತೇ ನಿಮಿಷದಲ್ಲಿ ಹೊರಗೆ ಸೋರಿಹೋಗಬಹುದು. ಹೃದಯ ಡವಡವ ಹೊಡೆದುಕೊಳ್ಳುತ್ತದೆ, ಆದರೆ ಪಂಪ್ ಮಾಡಲು ಒಳಗೆ ರಕ್ತವೇ ಸಾಲದು. ಗಂಟಲು, ಶ್ವಾಸನಾಳ ಊದಿಕೊಳ್ಳುತ್ತವೆ. ಇದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತೇವೆ.

ಇಲ್ಲಿ "ಸ್ವಲ್ಪ ತಿಂದರೆ ಏನೂ ಆಗಲ್ಲ" ಎಂಬ ಹಿರಿಯರ ಮಾತು ನಡೆಯುವುದಿಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಎಳ್ಳು, ಕಡಲೆಕಾಯಿ ಎರಡೂ ಇರುತ್ತವೆ. ಅಲರ್ಜಿ ಇರುವ ಮಗುವಿಗೆ ಶಾಸ್ತ್ರಕ್ಕೆಂದು ಒಂದು ಕಾಳೂ ಕೊಡಬೇಡಿ.

*ಅರ್ಧ ಗಂಟೆಯ ಲೆಕ್ಕ*

ಬ್ರಿಟನ್ನಿನಲ್ಲಿ ಅನಾಫಿಲಾಕ್ಸಿಸ್‌ನಿಂದ ಸತ್ತವರ ವಿವರಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಆಹಾರದಿಂದಾದ ಸಾವುಗಳಲ್ಲಿ ಪ್ರತಿಕ್ರಿಯೆ ಶುರುವಾದಾಗಿನಿಂದ ಉಸಿರು ಅಥವಾ ಹೃದಯ ನಿಲ್ಲುವವರೆಗಿನ ಮಧ್ಯಮ ಅವಧಿ 30 ನಿಮಿಷ ಎಂದು ಅದು ಹೇಳಿತು. ಕೆಲವರಿಗೆ ಅದಕ್ಕಿಂತ ಕಡಿಮೆ, ಕೆಲವರಿಗೆ ಹೆಚ್ಚು.

ಈಗ ನಮ್ಮ ಊರಿನ ಲೆಕ್ಕ ಹಾಕಿ. ಕೊಂಡಾಪುರದಲ್ಲಿ ಹತ್ತಿರದಲ್ಲೇ ದೊಡ್ಡ ಆಸ್ಪತ್ರೆಗಳಿವೆ. ರಾಮೋಜಿ ಫಿಲ್ಮ್ ಸಿಟಿ ಇಲ್ಲಿಂದ ಬಹಳ ದೂರ. ಗಚ್ಚಿಬೌಲಿಯಲ್ಲಿ ಔಟರ್ ರಿಂಗ್ ರೋಡ್ ಹತ್ತಿ, ಪೆದ್ದ ಅಂಬರ್‌ಪೇಟೆಯಲ್ಲಿ ಇಳಿದು, ವಿಜಯವಾಡ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋಗಬೇಕು. 1996ರಲ್ಲಿ ಶುರುವಾದ ಆ ಫಿಲ್ಮ್ ಸಿಟಿ ಒಂದೂವರೆ ಸಾವಿರ ಎಕರೆಗೂ ದೊಡ್ಡದು. ಸಿತಾರಾ, ತಾರಾ, ಶಾಂತಿನಿಕೇತನ ಹೋಟೆಲುಗಳು ಅದರೊಳಗೇ ಇವೆ. 2016ರಲ್ಲಿ ಶುರುವಾದ ವಂಡರ್‌ಲಾ ಇರುವುದು ಔಟರ್ ರಿಂಗ್ ರೋಡ್ ಪಕ್ಕದ ರಾವಿರ್ಯಾಲದಲ್ಲಿ. ರಜೆಗೆ ಊರಿಗೆ ಹೋದವರು ಮಕ್ಕಳೊಂದಿಗೆ ಬಿಡದಿಯ ವಂಡರ್‌ಲಾಗೆ ಹೋಗಿ ಅಲ್ಲಿನ ರೆಸಾರ್ಟ್‌ನಲ್ಲೇ ಉಳಿಯುತ್ತಾರೆ. ನಾನು ಹೇಳಿದ ಹುಡುಗಿ ತಂಗಿದ್ದು ಇವು ಯಾವುದರಲ್ಲೂ ಅಲ್ಲ. ಆದರೆ ಇಂಥ ಜಾಗಗಳಿಗೆ ನೂರಾರು ಎಕರೆ ಬೇಕು, ಹಾಗಾಗಿ ಊರ ಹೊರಗೇ ಇರುತ್ತವೆ. ಆಂಬುಲೆನ್ಸ್ ಗೇಟಿಗೆ ಬಂದಮೇಲೂ ನಿಮ್ಮ ರೂಮು ಮುಟ್ಟಲು ಸಮಯ ಬೇಕು.

108 ಸೇವೆ ಶುರುವಾದದ್ದೇ ನಮ್ಮ ಈ ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ಕೋಟ್ಯಂತರ ಜನಕ್ಕೆ ಆಸರೆಯಾಗಿದೆ. ಆದರೂ ಊಟದ ಅಲರ್ಜಿಯಲ್ಲಿ ಮೊದಲ ಔಷಧ ಆಂಬುಲೆನ್ಸ್‌ನಲ್ಲಿ ಬರಲಿ ಎಂದು ಕಾಯಬಾರದು. ಅದು ನಿಮ್ಮ ಮೈಮೇಲೇ ಇರಬೇಕು.

*ಆ ಔಷಧ ಅಡ್ರಿನಲಿನ್*

ಸೆಟಿರಿಜಿನ್, ಅವಿಲ್ ತುರಿಕೆಯನ್ನು ಕಡಿಮೆ ಮಾಡುತ್ತವೆ. ಕುಸಿಯುತ್ತಿರುವ ಬಿಪಿಯನ್ನು ಎತ್ತುವುದಿಲ್ಲ, ಊದಿದ ಗಂಟಲನ್ನು ತೆರೆಯುವುದಿಲ್ಲ. ಸ್ಟಿರಾಯ್ಡ್ ಕೆಲಸ ಶುರುಮಾಡಲು ಗಂಟೆಗಳು ಬೇಕು. ಜೀವ ಉಳಿಸುವುದು ತೊಡೆಯ ಹೊರಭಾಗದ ಮಧ್ಯದ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್ ಮಾತ್ರ. ದೊಡ್ಡವರಿಗೆ ಸಾಮಾನ್ಯವಾಗಿ 0.3ರಿಂದ 0.5 ಮಿಲಿಗ್ರಾಂ. ಐದರಿಂದ ಹದಿನೈದು ನಿಮಿಷದೊಳಗೆ ಸುಧಾರಿಸದಿದ್ದರೆ ಇನ್ನೊಂದು ಡೋಸ್. ನಿಮ್ಮ ಡೋಸ್ ಎಷ್ಟು ಎಂದು ನಿಮ್ಮ ವೈದ್ಯರೇ ಬರೆದುಕೊಡಬೇಕು.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ನಮ್ಮವರಿಗೆ ಪೆನ್ನಿನಂಥ ಆಟೋ-ಇಂಜೆಕ್ಟರ್ ಸಿಗುತ್ತದೆ. ಮೂಗಿಗೆ ಹೊಡೆಯುವ ಅಡ್ರಿನಲಿನ್ ಸ್ಪ್ರೇಗೆ ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿದೆ. ನಮ್ಮಲ್ಲಿ ಪೆನ್ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ. ಆದ್ದರಿಂದ ವೈದ್ಯರು ಆಂಪೂಲ್ ಮತ್ತು ಸಿರಿಂಜ್ ಬರೆದುಕೊಟ್ಟು, ತುಂಬಿ ಚುಚ್ಚುವುದನ್ನು ಕಲಿಸುತ್ತಾರೆ. ಆಂಪೂಲ್ ಬೆಲೆ ಹೆಚ್ಚೇನಿಲ್ಲ. ಗಾಬರಿಯಲ್ಲಿ ಕೈ ನಡುಗುತ್ತದೆ, ಗಾಜು ಒಡೆಯುತ್ತದೆ. ಅದಕ್ಕೇ ವೈದ್ಯರೆದುರು ಎರಡು ಮೂರು ಸಲ ನೀರು ತುಂಬಿ ಅಭ್ಯಾಸ ಮಾಡಿ. ಕಲಿಯದೆ ನೀವೇ ಪ್ರಯೋಗ ಮಾಡಬೇಡಿ, ರಕ್ತನಾಳಕ್ಕೆ ಎಂದೂ ಚುಚ್ಚಬೇಡಿ.

ಇಟ್ಟುಕೊಳ್ಳುವ ಬಗ್ಗೆ ಮೂರು ಮಾತು:
• ಒಂದಲ್ಲ, ಎರಡು ಡೋಸ್ ಒಯ್ಯಿರಿ.
• ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಫ್ರೀಜರ್‌ನಲ್ಲೂ ಬೇಡ. ಬಣ್ಣ ತಿರುಗಿದ್ದರೆ, ದಿನಾಂಕ ಮುಗಿದಿದ್ದರೆ ಹೊಸದು ತನ್ನಿ.
• ನೀರಿನ ಆಟಕ್ಕೆ ಇಳಿಯುವಾಗ ಎಲ್ಲರೂ ಬ್ಯಾಗನ್ನು ಲಾಕರ್‌ಗೆ ಹಾಕುತ್ತಾರೆ, ಇಂಜೆಕ್ಷನ್ನೂ ಅದರ ಜೊತೆಗೇ ಹೋಗುತ್ತದೆ. ಹಾಗೆ ಮಾಡಬೇಡಿ. ನೀರು ಹೋಗದ ಪೌಚ್‌ನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಿ, ಅಥವಾ ರೈಡ್ ನೋಡಿಕೊಳ್ಳುವವರ ಕೈಗೆ ಕೊಟ್ಟು ಏನೆಂದು ಹೇಳಿ.

*ಪಲ್ಲಿ, ವೇರುಶನಗ, ಶೇಂಗಾ: ಹೆಸರು ಬದಲಾದರೆ ಜೀವಕ್ಕೆ ಕುತ್ತು*

ಊರು ಬಿಟ್ಟ ನಮಗೆ ಇದು ವಿಶೇಷ ಸಮಸ್ಯೆ. ಬೆಂಗಳೂರಿನ ದರ್ಶಿನಿಯಲ್ಲಿ ಇಡ್ಲಿಗೆ ಕೊಡುವ ಚಟ್ನಿ ತೆಂಗಿನಕಾಯಿ-ಹುರಿಗಡಲೆಯದು. ಹೈದರಾಬಾದಿನ ಟಿಫಿನ್ ಸೆಂಟರಿನಲ್ಲಿ ಸಾಮಾನ್ಯವಾಗಿ ಪಲ್ಲಿ ಚಟ್ನಿ, ಅಂದರೆ ಕಡಲೆಕಾಯಿಯದು. ನೋಡಲು ಹೆಚ್ಚು ವ್ಯತ್ಯಾಸವಿಲ್ಲ.

ಮಾತಿನ ಗೊಂದಲ ಇನ್ನೂ ಇದೆ. ನಮಗೆ ಕಡಲೆ ಬೇರೆ, ಕಡಲೆಕಾಯಿ ಬೇರೆ. ಹುಬ್ಬಳ್ಳಿ ಕಡೆಯವರಿಗೆ ಅದೇ ಶೇಂಗಾ. ತೆಲುಗಿನಲ್ಲಿ ಶನಗಪಪ್ಪು ಎಂದರೆ ಕಡಲೆಬೇಳೆ, ವೇರುಶನಗ ಎಂದರೆ ಕಡಲೆಕಾಯಿ. "ಪಪ್ಪು" ಎಂದರೆ ಬೇಳೆ, ಆದರೆ "ಜೀಡಿಪಪ್ಪು" ಗೋಡಂಬಿ. ಅರೆಬರೆ ತೆಲುಗಿನಲ್ಲಿ ಕೇಳಿ, ಅರೆಬರೆ ಉತ್ತರ ನಂಬಿ ತಿನ್ನಬೇಡಿ. ಈ ಪಟ್ಟಿಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ (ಕನ್ನಡ – ತೆಲುಗು – ಹಿಂದಿ):

• ಕಡಲೆಕಾಯಿ – ಪಲ್ಲೀಲು, ವೇರುಶನಗ – ಮೂಂಗ್‌ಫಲಿ
• ಎಳ್ಳು – ನುವ್ವುಲು – ತಿಲ್
• ಗೋಡಂಬಿ – ಜೀಡಿಪಪ್ಪು – ಕಾಜು
• ಮೊಟ್ಟೆ – ಗುಡ್ಡು – ಅಂಡಾ
• ಸಿಗಡಿ – ರೊಯ್ಯಲು – ಝೀಂಗಾ
• ಗೋಧಿ – ಗೋಧುಮಲು – ಗೇಹೂಂ
• ಹಾಲು – ಪಾಲು – ದೂಧ್

ತೆಲುಗಿನಲ್ಲಿ ಹೀಗೆ ಹೇಳಿ: "ನಾಕು ಪಲ್ಲೀಲು ಪಡವು. ತಿಂಟೇ ಊಪಿರಿ ಆಗಿಪೋತುಂದಿ." (ನನಗೆ ಕಡಲೆಕಾಯಿ ಆಗದು, ತಿಂದರೆ ಉಸಿರು ನಿಂತುಹೋಗುತ್ತದೆ.) ಹಿಂದಿಯಲ್ಲಿ: "ಮುಝೇ ಮೂಂಗ್‌ಫಲಿ ಸೇ ಎಲರ್ಜಿ ಹೈ. ಖಾನೇ ಸೇ ಜಾನ್ ಜಾ ಸಕ್ತೀ ಹೈ." ಬರೀ "ಅಲರ್ಜಿ" ಎಂದರೆ ಎಷ್ಟೋ ಜನರಿಗೆ ಧೂಳಿನ ಸೀನು ನೆನಪಾಗುತ್ತದೆ. ಉಸಿರು, ಜೀವ ಎಂದರೆ ಅಡುಗೆಯವರು ತಲೆ ಎತ್ತಿ ನೋಡುತ್ತಾರೆ.

ಕೇಳುವ ಪ್ರಶ್ನೆಯೂ ಸರಿಯಿರಬೇಕು. "ನಟ್ಸ್ ಇದೆಯಾ?" ಎಂದು ಕೇಳಬೇಡಿ. "ರುಬ್ಬಿದ ಮಸಾಲೆಯಲ್ಲಿ ಕಡಲೆಕಾಯಿ ಇದೆಯಾ? ಪಕ್ಕದಲ್ಲಿ ಕೊಡುವ ಸಾಲನ್, ಚಟ್ನಿ, ಪುಡಿಯಲ್ಲಿ? ಯಾವ ಎಣ್ಣೆ?" ಎಂದು ಕೇಳಿ. ಬಗಾರಾ ಬೈಂಗನ್ ಮಸಾಲೆಯೂ ಸಾಲನ್‌ನ ಹಾಗೆಯೇ. ಹಲೀಮ್‌ನಲ್ಲಿ ಗೋಧಿ ಇರುತ್ತದೆ, ಮೇಲೆ ಗೋಡಂಬಿ ಉದುರಿಸುತ್ತಾರೆ. ಡಬಲ್ ಕಾ ಮೀಠಾ ಎಂದರೆ ಬ್ರೆಡ್, ಹಾಲು, ಗೋಡಂಬಿ. ಪುಳಿಹೋರಕ್ಕೆ ಕಡಲೆಕಾಯಿ ಒಗ್ಗರಣೆ. ಅಂಗಡಿಯ ಇಂಗಿನ ಪುಡಿಯಲ್ಲಿ ಗೋಧಿ ಅಥವಾ ಮೈದಾ ಬೆರೆತಿರುವುದು ಸಾಮಾನ್ಯ. ಚೆನ್ನಾಗಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಬಹುಪಾಲು ಹೋಗಿರುತ್ತದೆ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ.

ಹಸಿರು ಚುಕ್ಕಿ ನೋಡಿ ನಿಶ್ಚಿಂತರಾಗಬೇಡಿ. ಕಡಲೆಕಾಯಿ, ಗೋಡಂಬಿ, ಎಳ್ಳು, ಹಾಲು, ಗೋಧಿ ಎಲ್ಲವೂ ಶುದ್ಧ ಸಸ್ಯಾಹಾರವೇ. ಭಾರತದ 2020ರ ಲೇಬಲ್ ನಿಯಮದಂತೆ ಪ್ಯಾಕೆಟ್ ಮೇಲೆ ಗೋಧಿಯಂಥ ಗ್ಲುಟನ್ ಧಾನ್ಯ, ಸಿಗಡಿ-ಏಡಿ ವರ್ಗ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ನಟ್ಸ್, ಸೋಯಾ, ಸಲ್ಫೈಟ್ ಇದ್ದರೆ ತಿಳಿಸಲೇಬೇಕು. ಆ ಪಟ್ಟಿಯಲ್ಲಿ ಎಳ್ಳು, ಸಾಸಿವೆ ಇಲ್ಲ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ಸೇರಿಸಿದ್ದಾರೆ. ಅಲ್ಲಿಂದ ರಜೆಗೆ ಬರುವ ಮಕ್ಕಳು ಇಲ್ಲಿನ ಪ್ಯಾಕೆಟ್ ಓದಿ ಎಳ್ಳು ಇಲ್ಲವೆಂದು ತಿಳಿಯುವ ಅಪಾಯವಿದೆ.

*ಕೇಳಿದರೆ ಸಾಲದು, ಸಿದ್ಧತೆಯೂ ಬೇಕು*

2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಫ್ಲಾರಿಡಾದ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಊಟ ಮಾಡಿದ ವೈದ್ಯೆಯೊಬ್ಬರು ಅಲರ್ಜಿಯಿಂದ ತೀರಿಕೊಂಡರು. ಹಾಲು ಮತ್ತು ನಟ್ಸ್ ಆಗದೆಂದು ಸಿಬ್ಬಂದಿಗೆ ಹಲವು ಸಲ ಹೇಳಿ, ಭರವಸೆ ಪಡೆದೇ ತಿಂದಿದ್ದರು ಎಂದು ಅವರ ಪತಿ ಹೂಡಿದ ದಾವೆಯಲ್ಲಿದೆ. ಊಟವಾಗಿ ಸುಮಾರು ಮುಕ್ಕಾಲು ಗಂಟೆಗೆ, ಅಂಗಡಿ ಸುತ್ತುತ್ತಿದ್ದಾಗ ಉಸಿರು ಕಟ್ಟಿತಂತೆ. ಅಡ್ರಿನಲಿನ್ ಪೆನ್ ಚುಚ್ಚಿಕೊಂಡರೂ ಉಳಿಯಲಿಲ್ಲ. ಓದಿದವರು, ಕೇಳಿ ತಿಂದವರು, ಔಷಧವನ್ನೂ ಇಟ್ಟುಕೊಂಡಿದ್ದವರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಒಂದೇ ಬೇಲಿ ನಂಬಿ ಕೂರಬಾರದು ಎಂದಷ್ಟೇ ಹೇಳುತ್ತಿದ್ದೇನೆ.

*ಹೊರಡುವ ಮುಂಚೆ*

1. ರೂಮ್ ಬುಕ್ ಮಾಡುವಾಗಲೇ ಅಲರ್ಜಿಯ ವಿಷಯವನ್ನು ಬರವಣಿಗೆಯಲ್ಲಿ ತಿಳಿಸಿ. "ನಿಮ್ಮಲ್ಲಿ ನರ್ಸ್ ಅಥವಾ ವೈದ್ಯರಿದ್ದಾರೆಯೇ? ರಾತ್ರಿಯೂ ಇರುತ್ತಾರೆಯೇ? ಅಡ್ರಿನಲಿನ್ ಇದೆಯೇ? ಹತ್ತಿರದ ಐಸಿಯು ಇರುವ ಆಸ್ಪತ್ರೆ ಯಾವುದು?" ಎಂದು ಕೇಳಿ. ಉತ್ತರ ಸಿಗದಿದ್ದರೆ ಬೇರೆ ಜಾಗ ನೋಡಿ.
2. ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ಪಾರ್ಕುಗಳಲ್ಲಿ ಸಾಮಾನ್ಯವಾಗಿ ಹೊರಗಿನ ತಿಂಡಿ ಬಿಡುವುದಿಲ್ಲ. ಪತ್ರ ತೋರಿಸಿ ಮೊದಲೇ ಅನುಮತಿ ಕೇಳಿ. ಗೊಜ್ಜವಲಕ್ಕಿ, ಚಪಾತಿ, ಹಣ್ಣು ನಿಮ್ಮ ಜೊತೆ ಇದ್ದರೆ ಹಸಿವಿಗೆ ಸೋತು ಸಿಕ್ಕಿದ್ದನ್ನು ತಿನ್ನುವ ಪ್ರಸಂಗ ಬರದು. ಚಟ್ನಿಪುಡಿ ಶೇಂಗಾದ್ದಲ್ಲ ಎಂದು ನೋಡಿಕೊಳ್ಳಿ!
3. ಆಸ್ತಮಾ ಇದ್ದರೆ ಅದು ಹತೋಟಿಯಲ್ಲಿರಲಿ. ಆಸ್ತಮಾ ಇರುವವರಿಗೆ ಅಪಾಯ ಹೆಚ್ಚು.
4. ಫೋನಿನ ಲಾಕ್ ಪರದೆಯ ಮೇಲೆ ಅಲರ್ಜಿ, ರಕ್ತದ ಗುಂಪು, ಮನೆಯವರ ನಂಬರು ಕಾಣುವಂತೆ ಹಾಕಿ.

*ಅಲ್ಲಿಗೆ ಹೋದಮೇಲೆ*

1. ಚೆಕ್-ಇನ್ ಮಾಡುವಾಗ ರಿಸೆಪ್ಶನ್‌ನಲ್ಲಿ ಹೇಳಿ: "ನಾನು ಒಬ್ಬಳೇ ಇದ್ದೇನೆ, ಈ ಅಲರ್ಜಿ ಇದೆ. ರಾತ್ರಿ ಫೋನ್ ಮಾಡಿ ಮಾತಾಡಲಾಗದಿದ್ದರೂ ರೂಮಿಗೆ ಬನ್ನಿ, ಮಾಸ್ಟರ್ ಕೀ ತನ್ನಿ." ನಾಚಿಕೆ ಬೇಡ. ರಿಸೆಪ್ಶನ್ ನಂಬರನ್ನು ಫೋನಿನಲ್ಲಿ ಮೊದಲನೆಯದಾಗಿ ಉಳಿಸಿ.
2. ಸಪ್ಲೈಯರ್ ಬದಲು ಶೆಫ್ ಜೊತೆ ಮಾತಾಡಿ. ಜೈನರ ಊಟ ಎಂದರೆ ಈರುಳ್ಳಿ-ಬೆಳ್ಳುಳ್ಳಿ ಬಿಟ್ಟು ಶ್ರದ್ಧೆಯಿಂದ ಮಾಡಿಕೊಡುವ ಹೋಟೆಲುಗಳು ನಮ್ಮಲ್ಲಿವೆ. ಅದೇ ಶ್ರದ್ಧೆ ಕೇಳಿ, ಜೊತೆಗೆ ತೊಳೆದ ಬಾಣಲೆ, ಬೇರೆ ಸೌಟು, ಹೊಸ ಎಣ್ಣೆಯನ್ನೂ ಕೇಳಿ.
3. ಬಫೆ ಬೇಡ. ಸಾಲನ್‌ನ ಸೌಟು ಮೊಸರನ್ನಕ್ಕೂ ಹೋಗುತ್ತದೆ. ಬಫೆ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ, ಬೇರೆಯವರು ಮುಟ್ಟುವ ಮುಂಚೆ ಬಡಿಸಿಕೊಳ್ಳಿ.
4. ಊಟವನ್ನು ರೂಮಿಗೆ ತರಿಸಬೇಡಿ. ಜನರಿರುವ ಕಡೆ ತಿನ್ನಿ. ತಿಂದ ಮೇಲೂ ಒಂದೆರಡು ಗಂಟೆ ಲಾಬಿಯಲ್ಲೋ ತೋಟದಲ್ಲೋ ಜನರ ಕಣ್ಣೆದುರು ಇರಿ. ಆಹಾರದ ಪ್ರತಿಕ್ರಿಯೆ ಬಹುತೇಕ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ.
5. ಮನೆಯಲ್ಲಿ ಒಬ್ಬರಿಗೆ "ಈಗ ತಿನ್ನುತ್ತಿದ್ದೇನೆ" ಎಂದು ಮೆಸೇಜ್ ಹಾಕಿ. ಒಂದು ಗಂಟೆಗೆ "ಆರಾಮ್" ಎಂಬ ಮೆಸೇಜ್ ಬರದಿದ್ದರೆ ಅವರು ನಿಮಗೆ, ನೀವು ಎತ್ತದಿದ್ದರೆ ರಿಸೆಪ್ಶನ್‌ಗೆ ಫೋನ್ ಮಾಡಲಿ.
6. ತಿಂದ ಕೂಡಲೇ ರೈಡ್ ಬೇಡ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೆಲವರಿಗೆ ಗೋಧಿ ತಿಂದು ಸುಮ್ಮನೆ ಕೂತರೆ ಏನೂ ಆಗದು. ತಿಂದು ಓಡಾಡಿ ಮೈ ದಣಿದರೆ ಅನಾಫಿಲಾಕ್ಸಿಸ್ ಆಗುತ್ತದೆ. ಬಿಸಿಲು, ಮದ್ಯ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಪ್ರತಿಕ್ರಿಯೆಯನ್ನು ಇನ್ನಷ್ಟು ಕೆರಳಿಸಬಲ್ಲವು. ಥೀಮ್ ಪಾರ್ಕಿನಲ್ಲಿ ಇವೆಲ್ಲ ಒಂದೇ ದಿನ ಸೇರುತ್ತವೆ.

*ತೊಂದರೆ ಶುರುವಾದರೆ*

ರೈಡ್‌ನಿಂದ ಇಳಿದಾಗ ಎದೆ ಹೊಡೆದುಕೊಳ್ಳುವುದು, ತಲೆ ಸುತ್ತುವುದು ಸಹಜ. ಅದರ ಜೊತೆಗೆ ತುರಿಕೆ, ದದ್ದು, ತುಟಿ ಊತ, ದನಿ ಒಡೆಯುವುದು, ಕೆಮ್ಮು, ಉಬ್ಬಸ, ಹೊಟ್ಟೆ ಹಿಂಡುವುದು, ಪದೇ ಪದೇ ವಾಂತಿ ಬಂದರೆ ಅಲರ್ಜಿ ಎಂದೇ ತಿಳಿಯಿರಿ. ಹತ್ತರಲ್ಲಿ ಒಬ್ಬಿಬ್ಬರಿಗೆ ಚರ್ಮದ ಮೇಲೆ ಏನೂ ಕಾಣುವುದಿಲ್ಲ. "ದದ್ದು ಇಲ್ಲ, ಹಾಗಾದರೆ ಗ್ಯಾಸ್ ಇರಬೇಕು" ಎಂದು ಕೂರಬೇಡಿ.

1. *ರೂಮಿಗೆ ಹೋಗಬೇಡಿ. ಬಾತ್‌ರೂಮಿಗೂ ಬೇಡ.* ಇದ್ದಲ್ಲೇ ಕೈ ಎತ್ತಿ ಜನರನ್ನು ಕರೆಯಿರಿ. ರೂಮಿನಲ್ಲೇ ಇದ್ದರೆ ಮೊದಲು ಚಿಲಕ ತೆಗೆಯಿರಿ.
2. ಅಡ್ರಿನಲಿನ್ ತಕ್ಷಣ ಚುಚ್ಚಿಕೊಳ್ಳಿ. ಬಟ್ಟೆ ಮೇಲಿಂದಲೂ ಚುಚ್ಚಬಹುದು. ಅನುಮಾನವಿದ್ದರೆ ಕಾಯುವುದಕ್ಕಿಂತ ಚುಚ್ಚುವುದೇ ಮೇಲು.
3. ರಿಸೆಪ್ಶನ್ ಮತ್ತು 108 ಅಥವಾ 112ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ.
4. ನೆಲದ ಮೇಲೆ ಮಲಗಿ, ಕಾಲು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕುಳಿತುಕೊಳ್ಳಿ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿ. ಗರ್ಭಿಣಿಯರು ಎಡ ಮಗ್ಗುಲಿಗೆ.
5. *ಎದ್ದು ನಿಲ್ಲಬೇಡಿ, ಆಂಬುಲೆನ್ಸ್‌ವರೆಗೆ ನಡೆಯಬೇಡಿ.* ರಕ್ತನಾಳಗಳು ಹಿಗ್ಗಿರುವಾಗ ಎದ್ದರೆ ರಕ್ತವೆಲ್ಲ ಕಾಲಿಗಿಳಿದು ಹೃದಯ ಖಾಲಿಯಾಗುತ್ತದೆ. ಎದ್ದ ಕ್ಷಣದಲ್ಲೇ ಪ್ರಾಣ ಹೋದ ಪ್ರಕರಣಗಳು ದಾಖಲಾಗಿವೆ. ಹೃದಯದ ವೈದ್ಯನಾಗಿ ಈ ಮಾತನ್ನು ಒತ್ತಿ ಹೇಳುತ್ತೇನೆ.
6. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಿಗೆ ಗಂಟೆಗಳ ನಂತರ ಎರಡನೇ ಸಲ ಬರುತ್ತದೆ. ಅಲ್ಲಿ ವೈದ್ಯರಿಗೆ "ನಾನು ಒಬ್ಬಳೇ ಇದ್ದೇನೆ, ರಾತ್ರಿ ನೋಡಿಕೊಳ್ಳುವವರಿಲ್ಲ" ಎಂದು ಹೇಳಿ. ಆಗ ಹೆಚ್ಚು ಹೊತ್ತು ಇರಿಸಿಕೊಳ್ಳುತ್ತಾರೆ.

*ಹೃದಯದ ಮಾತ್ರೆ ತಿನ್ನುವವರಿಗೆ*

ಬಿಪಿ, ಹೃದಯದ ಕಾಯಿಲೆ ಅಥವಾ ಮೈಗ್ರೇನ್‌ಗೆ ಮೆಟೊಪ್ರೊಲೋಲ್, ಅಟೆನೊಲೋಲ್, ಪ್ರೊಪ್ರನೊಲೋಲ್ ತಿನ್ನುವವರಿದ್ದಾರೆ. ಇವು ಅಡ್ರಿನಲಿನ್‌ನ ಕೆಲಸಕ್ಕೆ ಅಡ್ಡ ಬರಬಹುದು. *ಹಾಗೆಂದು ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ.* ಹಠಾತ್ತನೆ ನಿಲ್ಲಿಸಿದರೆ ಹೃದಯಾಘಾತದ ಅಪಾಯವಿದೆ. ನಿಮ್ಮ ವೈದ್ಯರಿಗೆ "ನನಗೆ ಊಟದ ಅಲರ್ಜಿ ಇದೆ" ಎಂದು ಹೇಳಿ, ಬೇರೆ ಮಾತ್ರೆ ಸಾಧ್ಯವೇ ಎಂದು ಅವರು ನೋಡುತ್ತಾರೆ. ಆಸ್ಪತ್ರೆಯಲ್ಲೂ ಈ ಮಾತ್ರೆಯ ಹೆಸರು ಹೇಳಿ. ಅಡ್ರಿನಲಿನ್ ಕೆಲಸ ಮಾಡದಾಗ ಕೊಡಲು ಗ್ಲುಕಗಾನ್ ಎಂಬ ಔಷಧವಿದೆ.

ಇನ್ನೊಂದು ಪ್ರಶ್ನೆ ಹಲವರು ಕೇಳುತ್ತಾರೆ: "ಸ್ಟೆಂಟ್ ಹಾಕಿದೆ, ಅಡ್ರಿನಲಿನ್ ತಗೊಂಡ್ರೆ ಹಾರ್ಟಿಗೆ ಏನಾದ್ರೂ ಆದ್ರೆ?" ನಿಜವಾದ ಅನಾಫಿಲಾಕ್ಸಿಸ್‌ನಲ್ಲಿ ಅಡ್ರಿನಲಿನ್ ಕೊಡಲೇಬಾರದು ಎನ್ನುವ ಹೃದ್ರೋಗ ಯಾವುದೂ ಇಲ್ಲ. ಕೊಡದಿರುವುದೇ ಹೆಚ್ಚಿನ ಅಪಾಯ. ಮಾಸ್ಟ್ ಕೋಶಗಳು ಹೃದಯದಲ್ಲೂ ಇವೆ, ಅಲರ್ಜಿಯಿಂದಲೇ ಹೃದಯದ ರಕ್ತನಾಳ ಬಿಗಿದು ಎದೆನೋವು, ಹೃದಯಾಘಾತ ಆಗಬಲ್ಲದು. ಗ್ರೀಸ್ ದೇಶದ ಹೃದ್ರೋಗ ತಜ್ಞ ಕೌನಿಸ್ ಮತ್ತು ಅವರ ಸಹೋದ್ಯೋಗಿ 1991ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರಿನಲ್ಲೇ ಕೌನಿಸ್ ಸಿಂಡ್ರೋಮ್ ಎನ್ನುತ್ತೇವೆ. ಊಟದ ನಂತರ ದದ್ದಿನ ಜೊತೆ ಎದೆನೋವು ಬಂದರೆ ಇಸಿಜಿ ಮಾಡಿಸಲೇಬೇಕು.

*ಕೊನೆಯ ಮಾತು*

ಆ ಹುಡುಗಿ ಕಳೆದ ತಿಂಗಳು ಮತ್ತೆ ಒಬ್ಬಳೇ ಹೋಗಿ ಬಂದಳು. ಈ ಸಲ ಸೊಂಟದ ಪೌಚ್‌ನಲ್ಲಿ ಎರಡು ಡೋಸ್ ಇತ್ತು. ಮೊದಲೇ ಹೇಳಿದ್ದರಿಂದ ಶೆಫ್ ತಾವೇ ಬಂದು, ತೊಳೆದ ಬಾಣಲೆಯಲ್ಲಿ ದೋಸೆ ಹುಯ್ದು ಕೊಟ್ಟರಂತೆ. ದಾವಣಗೆರೆಯ ತಾಯಿಗೆ ಪ್ರತಿ ಊಟಕ್ಕೂ ಎರಡು ಮೆಸೇಜ್: "ತಿಂತಿದೀನಿ", "ಆರಾಮ್". ಆ ತಾಯಿಯೂ ಈಗ ಫೋನು ಕೈಯಲ್ಲಿ ಹಿಡಿದು ಕೂರುವುದಿಲ್ಲ, ಗಡಿಯಾರ ನೋಡುತ್ತಾರೆ ಅಷ್ಟೇ.

ಪರವೂರಿನಲ್ಲಿ, ಪರದೇಶದಲ್ಲಿ ಒಬ್ಬೊಬ್ಬರೇ ಇರುವ ನಮ್ಮ ಮಕ್ಕಳು ಎಷ್ಟೋ ಜನ. ಅವರಿಗೆ ಅಲರ್ಜಿ ಇದ್ದರೆ ಇವತ್ತೇ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: "ಇಂಜೆಕ್ಷನ್ ಈಗ ಎಲ್ಲಿದೆ?" ಉತ್ತರ "ಕಪಾಟಿನಲ್ಲಿ" ಎಂದು ಬಂದರೆ ಈ ಲೇಖನ ಕಳಿಸಿ.

ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಚಿಕಿತ್ಸೆಯನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಉಪಯುಕ್ತ ಎನಿಸಿದರೆ ನಿಮ್ಮ ಕನ್ನಡ ಗುಂಪುಗಳಲ್ಲಿ ಹಂಚಿಕೊಳ್ಳಿ.

ಆರೋಗ್ಯವಾಗಿರಿ.
– ಕೊಂಡಾಪುರದ ನಿಮ್ಮ ಹೃದ್ರೋಗ ವೈದ್ಯ, ಎಂಡಿ